ಕ್ಯಾರೊ-ಕಾನ್ ಕೈಕೊಟ್ಟಿತೇ, ಎಚ್6 ಕೈಕೊಟ್ಟಿತೇ?

ಪ್ರಶ್ನೆ: ನನಗೆ 36 ವರ್ಷ. ಕೆಲಸದ ನಡುವೆ ಬಿಡುವು ಮಾಡಿಕೊಂಡು ವಾರಾಂತ್ಯದ ರೇಟಿಂಗ್ ಟೂರ್ನಿಗಳಲ್ಲಿ ಚೆಸ್ ಆಡುತ್ತೇನೆ. ಫಿಡೆ (ವಿಶ್ವ ಚೆಸ್ ಒಕ್ಕೂಟ) ರೇಟಿಂಗ್ 1545. ಎದುರಾಳಿ ಇ4 ಆಡಿದರೆ (ಅಂದರೆ ಕಾಲಾಳನ್ನು ಇ4 ಮನೆಗೆ ನೂಕಿದರೆ) ಎರಡು ವರ್ಷದಿಂದ ಸಿ6ರಿಂದ ಉತ್ತರಿಸುವ ಕ್ಯಾರೊ-ಕಾನ್ ಆಡುತ್ತಿದ್ದೇನೆ, ಅದು ಸುರಕ್ಷಿತ ಓಪನಿಂಗ್ (ಆಟದ ಆರಂಭದ ನಡೆಗಳ ಕ್ರಮ) ಎಂದು ಕೇಳಿದ್ದೆ. ಕಳೆದ ತಿಂಗಳು ನಾಲ್ಕನೇ ಸುತ್ತಿನಲ್ಲಿ 1490 ರೇಟಿಂಗಿನ ಹುಡುಗನೊಬ್ಬನ ಎದುರು 21 ನಡೆಗಳಲ್ಲೇ ಸೋತೆ. ಆಟ ಹೀಗಿತ್ತು (× ಎಂದರೆ ಹೊಡೆತ, + ಎಂದರೆ ಚೆಕ್, 0-0 ಎಂದರೆ ಕ್ಯಾಸಲಿಂಗ್, ಅಂದರೆ ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಬದಿಗೆ ತರುವುದು): 1. ಇ4 ಸಿ6 2. ಡಿ4 ಡಿ5 3. ಕುದುರೆ-ಸಿ3 ಡಿ×ಇ4 4. ಕುದುರೆ×ಇ4 ಕುದುರೆ-ಡಿ7 5. ಕುದುರೆ-ಜಿ5 ಕುದುರೆ(ಜಿ)-ಎಫ್6 6. ಒಂಟೆ-ಡಿ3 ಇ6 7. ಕುದುರೆ(1)-ಎಫ್3 ಎಚ್6 8. ಕುದುರೆ×ಇ6 ಎಫ್×ಇ6 9. ಒಂಟೆ-ಜಿ6+ ರಾಜ-ಇ7 10. 0-0 ರಾಣಿ-ಸಿ7 11. ಆನೆ-ಇ1 ರಾಜ-ಡಿ8 12. ಸಿ4. ಆಮೇಲೆ ನನ್ನ ಕಾಯಿಗಳು ಹೊರಗೆ ಬರಲೇ ಇಲ್ಲ. ನಾನು ಕಲಿತ ಸಾಲಿನಲ್ಲಿ ಎಚ್6 ನಡೆ ಇದ್ದೇ ಇತ್ತು. ಮಾಜಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಕೂಡ ಹೀಗೆಯೇ ಸೋತಿದ್ದಾರೆ, ಈ ಓಪನಿಂಗಿಗೆ ಬೆಲೆ ಇಲ್ಲ, ಇ4ಕ್ಕೆ ಸಿ5ರಿಂದ ಉತ್ತರಿಸುವ ಸಿಸಿಲಿಯನ್ ಕಲಿ ಎಂದು ಗೆಳೆಯರು ಹೇಳುತ್ತಿದ್ದಾರೆ. ಕಾಸ್ಪರೋವ್ ಆಡಿದಂತೆ 8ನೇ ನಡೆಯಲ್ಲಿ ರಾಣಿ-ಇ7 ಆಡಬೇಕಿತ್ತೇ? ಓಪನಿಂಗ್ ಬದಲಾಯಿಸಬೇಕೇ? ಎಷ್ಟು ನಡೆಗಳವರೆಗೆ ಬಾಯಿಪಾಠ ಮಾಡಬೇಕು? ಮುಂದಿನ ಟೂರ್ನಿಗೆ ಮೂರು ವಾರ ಇದೆ. ಸ್ಕೋರ್‌ಶೀಟಿನ ಪ್ರತಿಯನ್ನು ಗಡಿಯಾರದ ಸಮಯದೊಂದಿಗೆ ಕಳುಹಿಸಿದ್ದೇನೆ.

ಉತ್ತರ:

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಆತಂಕ ಒಂದೇ: ಎರಡು ವರ್ಷ ನಂಬಿ ಆಡಿದ ಓಪನಿಂಗ್ ಒಳಗಿಂದಲೇ ಟೊಳ್ಳಾಗಿದ್ದರೆ ಮುಂದೇನು ಗತಿ ಎಂಬುದು. ಮೊದಲು ಅದಕ್ಕೇ ಉತ್ತರಿಸುತ್ತೇನೆ. ಕ್ಯಾರೊ-ಕಾನ್ ಟೊಳ್ಳಲ್ಲ. ನಾಲ್ಕನೇ ನಡೆಯಲ್ಲಿ ಕುದುರೆಯನ್ನು ಡಿ7ಕ್ಕೆ ತರುವ ನಿಮ್ಮ ಶಾಖೆಯೂ ತಪ್ಪಲ್ಲ. ತಪ್ಪಿದ್ದು ಏಳನೇ ನಡೆ, ಅದರಲ್ಲೂ ಆ ನಡೆಯ ಸಮಯ ಮಾತ್ರ. ಅದೇ ಎಚ್6 ಅನ್ನು ಒಂದು ನಡೆ ತಡವಾಗಿ ಆಡಿದ್ದರೆ ನಿಮ್ಮದು ವಿಶ್ವ ಚಾಂಪಿಯನ್ನರು ಆಡುತ್ತ ಬಂದ ಸ್ಥಿತಿಯೇ ಆಗಿರುತ್ತಿತ್ತು.

ಹೊರೇಷಿಯೊ ಕ್ಯಾರೊ ಮತ್ತು ಮಾರ್ಕಸ್ ಕಾನ್ ಎಂಬಿಬ್ಬರು ಆಟಗಾರರ ಹೆಸರು ಹೊತ್ತ ಈ ಓಪನಿಂಗಿನ ವಿಶ್ಲೇಷಣೆ ಪ್ರಕಟವಾದದ್ದು 1886ರಲ್ಲಿ. ಅಂದಿನಿಂದ ಇಂದಿನವರೆಗೆ ಇದನ್ನು ಕೆಡವಲು ಎಷ್ಟೋ ಮಂದಿ ಯತ್ನಿಸಿದ್ದಾರೆ. ಬೊಟ್ವಿನಿಕ್ 1958ರಲ್ಲಿ ಸ್ಮಿಸ್ಲೋವ್ ಕೈಯಿಂದ ವಿಶ್ವ ಕಿರೀಟವನ್ನು ಮರಳಿ ಪಡೆದ ಸರಣಿಯಲ್ಲಿ ಇದನ್ನು ಆಯುಧವಾಗಿ ಬಳಸಿದರು, 1961ರಲ್ಲಿ ತಾಲ್ ಎದುರೂ ಬಳಸಿದರು. ನೀವು ಆಡುವ ಕುದುರೆ-ಡಿ7 ಶಾಖೆಯನ್ನು ಮಾಜಿ ವಿಶ್ವ ಚಾಂಪಿಯನ್ ಕಾರ್ಪೊವ್ ಎಷ್ಟು ಆಡಿದರೆಂದರೆ ಇಂದು ಹಲವರು ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಒಂದು ಸೋಲಿನಿಂದ ಇಷ್ಟೆಲ್ಲ ಅಳಿಸಿಹೋಗುವುದಿಲ್ಲ.

ಆದರೆ "ಸುರಕ್ಷಿತ" ಎಂದು ನೀವು ಕೇಳಿದ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಈ ಓಪನಿಂಗಿನಲ್ಲಿ ಸುರಕ್ಷಿತವಾಗಿರುವುದು ಕಾಲಾಳುಗಳ ಜೋಡಣೆ. ದುರ್ಬಲ ಕಾಲಾಳು ಉಳಿಯುವುದಿಲ್ಲ, ಆಟ ಎಂಡ್‌ಗೇಮಿಗೆ ಹೋದರೆ ಕಪ್ಪು ಕಾಯಿಯವರು ನೆಮ್ಮದಿಯಾಗಿರಬಹುದು. ಮೊದಲ ಹತ್ತು ನಡೆಗಳಲ್ಲಿ ರಾಜ ಸುರಕ್ಷಿತ ಎಂದು ಯಾರಾದರೂ ಹೇಳಿದ್ದರೆ ಅದು ನಿಜವಲ್ಲ. ಕುದುರೆ-ಡಿ7 ಶಾಖೆಯಲ್ಲಂತೂ ನಿಜದಿಂದ ಬಹಳ ದೂರ. ಇಲ್ಲಿ ಡಿ7ರ ಕುದುರೆ ಸಿ8ರ ಒಂಟೆಯ ದಾರಿಯನ್ನು ಮುಚ್ಚುತ್ತದೆ, ಜೊತೆಗೆ ಸ್ವಂತ ರಾಜ ಓಡಿಹೋಗಬಹುದಾಗಿದ್ದ ಮನೆಯನ್ನೂ ತುಂಬುತ್ತದೆ. ರಾಜನ ಸುತ್ತ ಡಿ8ರಲ್ಲಿ ರಾಣಿ, ಎಫ್8ರಲ್ಲಿ ಒಂಟೆ, ಡಿ7ರಲ್ಲಿ ಕುದುರೆ, ಇ7ರಲ್ಲಿ ಕಾಲಾಳು. ತನ್ನವರೇ ಗೋಡೆಯಾಗಿ ನಿಂತ ರಾಜನಿಗೆ ಒಂದೇ ಒಂದು ಚೆಕ್ ಸಾಕು.

ಇದಕ್ಕೆ ದಾಖಲೆಯಲ್ಲಿರುವ ಪ್ರಸಿದ್ಧ ಸಾಕ್ಷಿ 1950ರಲ್ಲಿ ಪೋಲೆಂಡಿನ ಷ್ಚಾವ್ನೊ-ಝ್ದ್ರುಯ್ ಟೂರ್ನಿಯಲ್ಲಿ ಪಾಲ್ ಕೆರೆಸ್ ಅವರು ಅರ್ಲಮೊವ್‌ಸ್ಕಿ ಎದುರು ಗೆದ್ದ ಆಟ. ಇದೇ ಕುದುರೆ-ಡಿ7 ಜೋಡಣೆಯಲ್ಲಿ ಕೆರೆಸ್ ಐದನೇ ನಡೆಯಲ್ಲಿ ರಾಣಿಯನ್ನು ಇ2ಕ್ಕೆ ತಂದರು. ಕಪ್ಪು ಕಾಯಿಯವರು ಎಂದಿನಂತೆ ಜಿ8ರ ಕುದುರೆಯನ್ನು ಎಫ್6ಕ್ಕೆ ಬಿಟ್ಟರು. ಆರನೇ ನಡೆ: ಕುದುರೆ-ಡಿ6, ಚೆಕ್‌ಮೇಟ್. ಇ7ರ ಕಾಲಾಳು ಆ ಕುದುರೆಯನ್ನು ಹೊಡೆಯುವಂತಿಲ್ಲ, ಹೊಡೆದರೆ ಇ2ರ ರಾಣಿಗೆ ರಾಜ ಸಿಗುತ್ತಾನೆ. ಬಿಳಿ ರಾಣಿ ಇ2ಕ್ಕೆ ಬಂದಾಗ ಅದು ಯಾಕೆ ಬಂತು ಎಂದು ಒಂದು ಕ್ಷಣ ನಿಂತು ನೋಡಿದ್ದರೆ, ಡಿ7ರ ಕುದುರೆಯನ್ನೇ ಎಫ್6ಕ್ಕೆ ತಂದು ರಾಜನಿಗೆ ಉಸಿರಾಡಲು ಒಂದು ಮನೆ ತೆರೆಯಬಹುದಿತ್ತು.

ಈಗ ನಿಮ್ಮ ಎಚ್6ಕ್ಕೆ ಬರೋಣ. ದಯವಿಟ್ಟು ಎದುರಿಗೆ ಬೋರ್ಡು ಇಟ್ಟುಕೊಂಡು ಓದಿ, ಏಕೆಂದರೆ ಈ ಶಾಖೆಯ ಒಳಗುಟ್ಟು ಇರುವುದು ಇಲ್ಲಿ. ಐದನೇ ನಡೆಯಲ್ಲಿ ಬಿಳಿ ಕುದುರೆ ಜಿ5ಕ್ಕೆ ಹಾರುತ್ತದೆ. ಇ4ರಲ್ಲೇ ನಿಂತಿದ್ದರೆ ಎಫ್6ಕ್ಕೆ ಬರುವ ನಿಮ್ಮ ಕುದುರೆಯೊಂದಿಗೆ ಅದಲುಬದಲಾಗುತ್ತಿತ್ತು, ಅದನ್ನು ತಪ್ಪಿಸಿಕೊಂಡು ಎಫ್7 ಮತ್ತು ಇ6 ಮನೆಗಳ ಮೇಲೆ ಕಣ್ಣಿಡುವುದು ಅದರ ಉದ್ದೇಶ. ನಿಮ್ಮ ಅಂಗಳದಲ್ಲಿ ಬಂದು ನಿಂತ ಕುದುರೆಯನ್ನು ಕಂಡರೆ ಯಾರಿಗಾದರೂ ಎಚ್6 ಆಡಿ ಓಡಿಸಬೇಕೆನಿಸುತ್ತದೆ. ಈ ಆಸೆ ಐದು, ಆರು, ಏಳು, ಎಂಟು, ಹೀಗೆ ಸತತ ನಾಲ್ಕು ನಡೆಗಳಲ್ಲಿ ಹುಟ್ಟುತ್ತದೆ. ಅವುಗಳಲ್ಲಿ ಮೂರು ಸಲ ಅದು ತಪ್ಪು, ನಾಲ್ಕನೆಯ ಸಲ ಸರಿ.

ಐದನೇ ನಡೆಯಲ್ಲೇ ಎಚ್6 ಆಡಿದರೆ ಬಿಳಿ ಕುದುರೆ ಹಿಂದಕ್ಕೆ ಹೋಗುವುದಿಲ್ಲ, ಇ6ಕ್ಕೆ ನುಗ್ಗಿ ರಾಣಿಯ ಮೇಲೇ ಬೀಳುತ್ತದೆ. ಎಫ್7ರ ಕಾಲಾಳಿನಿಂದ ಅದನ್ನು ಹೊಡೆದರೆ ರಾಣಿ ಎಚ್5ಕ್ಕೆ ಬಂದು ಚೆಕ್ ಕೊಡುತ್ತದೆ, ಜಿ6ರಿಂದ ತಡೆದರೆ ಅದೇ ರಾಣಿ ಜಿ6ನ್ನು ಹೊಡೆದು ಮೇಟ್ ಮಾಡುತ್ತದೆ. ಹೊಡೆಯದೆ ರಾಣಿಯನ್ನು ಸರಿಸಿದರೆ ಆಟ ಉಳಿಯುತ್ತದೆ, ಆದರೆ ಎಫ್8ರ ಒಂಟೆ ಆ ಕುದುರೆಗೆ ಬಲಿಯಾಗುತ್ತದೆ. ಒಂದು ನಡೆ ತಾಳಿ, ಕುದುರೆಯನ್ನು ಎಫ್6ಕ್ಕೆ ತಂದು, ಬಿಳಿ ಒಂಟೆ ಡಿ3ಕ್ಕೆ ಬಂದ ಮೇಲೆ ಆರನೇ ನಡೆಯಲ್ಲಿ ಎಚ್6 ಆಡಿದಿರಿ ಎನ್ನಿ. ಈಗ ಎಫ್6ರ ಕುದುರೆ ಎಚ್5 ಮನೆಯನ್ನು ಕಾಯುತ್ತಿರುವುದರಿಂದ ರಾಣಿಗೆ ಅಲ್ಲಿ ಜಾಗವಿಲ್ಲ, ಆದರೆ ರಾಣಿ ಬೇಕಾಗಿಯೂ ಇಲ್ಲ: ಕುದುರೆ ಮತ್ತೆ ಇ6ಕ್ಕೆ ಹಾರುತ್ತದೆ, ನೀವು ಹೊಡೆಯುತ್ತೀರಿ, ಒಂಟೆ ಜಿ6ಕ್ಕೆ ಬಂದು ಒಂದೇ ನಡೆಯಲ್ಲಿ ಮೇಟ್.

ಎರಡೂ ಕಡೆ ಕೆಲಸ ಮಾಡಿದ್ದು ಒಂದೇ ಕಾರಣ. ಜಿ6 ಮನೆಯನ್ನು ಕಾಯುವವರು ಎಫ್7 ಮತ್ತು ಎಚ್7ರ ಇಬ್ಬರು ಕಾಲಾಳುಗಳು. ಎಚ್6 ಆಡಿದ ಕ್ಷಣ ಒಬ್ಬ ಕಾವಲುಗಾರ ಹೊರಟುಹೋದ. ಬಿಳಿ ಕುದುರೆ ಇ6ರಲ್ಲಿ ಬಲಿಯಾಗುವುದು ಎರಡನೆಯವನನ್ನೂ ಎಫ್7ರಿಂದ ಎಳೆದುಹಾಕಲು. ಜಿ6 ಬಾಗಿಲಿಲ್ಲದ ಮನೆಯಾಗುತ್ತದೆ. ಈ ಒಂದು ಸಂಗತಿಯನ್ನು ನೀವು ಮನಸ್ಸಿಗೆ ತಂದುಕೊಂಡಿದ್ದರೆ ಏಳನೇ ನಡೆಯಲ್ಲಿ ಕೈ ತಾನಾಗಿಯೇ ತಡೆಯುತ್ತಿತ್ತು.

ಏಳನೇ ನಡೆಯ ಎಚ್6 ಈ ಎರಡಕ್ಕಿಂತ ಸೂಕ್ಷ್ಮವಾದದ್ದು, ಅದಕ್ಕೇ ಹೆಚ್ಚು ಜನ ಅದರಲ್ಲಿ ಬೀಳುತ್ತಾರೆ. ಈ ಹೊತ್ತಿಗೆ ನೀವು ಇ6 ಆಡಿರುವುದರಿಂದ ಇ7 ಮನೆ ಖಾಲಿಯಾಗಿದೆ, ಹಾಗಾಗಿ ಮೇಟ್ ಇಲ್ಲ. ಬಿಳಿ ಕುದುರೆ ಇ6ರ ಕಾಲಾಳನ್ನು ಹೊಡೆದು ತಾನೂ ಸಾಯುತ್ತದೆ, ಒಂಟೆ ಜಿ6ರಲ್ಲಿ ಚೆಕ್ ಕೊಡುತ್ತದೆ, ರಾಜ ಇ7ಕ್ಕೆ ಹೋಗುತ್ತಾನೆ. ಲೆಕ್ಕ ನೋಡಿದರೆ ಒಂದು ಕಾಲಾಳಿಗೆ ಬದಲಾಗಿ ನಿಮಗೆ ಒಂದು ಪೂರ್ತಿ ಕುದುರೆ ಸಿಕ್ಕಿದೆ. ಆದರೆ ರಾಜ ಇ7ರಲ್ಲಿ ಕುಳಿತು ಎಫ್8ರ ಒಂಟೆಯನ್ನು ಮುಚ್ಚಿದ್ದಾನೆ, ಆ ಒಂಟೆ ಹೊರಬರದೆ ಎಚ್8ರ ಆನೆ ಆಟಕ್ಕೆ ಬರುವುದಿಲ್ಲ. ಡಿ7ರ ಕುದುರೆಯ ಹಿಂದೆ ಸಿ8ರ ಒಂಟೆ ಸಿಕ್ಕಿಬಿದ್ದಿದೆ, ಅದರಿಂದ ಎ8ರ ಆನೆಗೂ ಕೆಲಸವಿಲ್ಲ. ಇ6ರ ಕಾಲಾಳು ತೆರೆದ ಸಾಲಿನಲ್ಲಿ ಬಿಳಿ ಆನೆಗೆ ನೇರ ಗುರಿ. ಎಫ್4ಕ್ಕೆ ಬರುವ ಬಿಳಿ ಒಂಟೆ ಸಿ7ರವರೆಗೆ ಇಡೀ ಓರೆಸಾಲನ್ನು ಹಿಡಿಯಬಲ್ಲದು. ಹೆಚ್ಚುವರಿ ಕುದುರೆ ಸ್ಕೋರ್‌ಶೀಟಿನಲ್ಲಿ ಮಾತ್ರ ಹೆಚ್ಚುವರಿ, ಬೋರ್ಡಿನ ಮೇಲೆ ನಿಮ್ಮ ಅರ್ಧ ಸೈನ್ಯ ಇನ್ನೂ ಮನೆಬಿಟ್ಟಿಲ್ಲ.

ಎಂಟನೇ ನಡೆಯಲ್ಲಿ ಏನು ಬದಲಾಗುತ್ತದೆ ಎಂದು ಈಗ ನೋಡಿ. ಏಳನೇ ನಡೆಯಲ್ಲಿ ಎಚ್6 ಬದಲು ಒಂಟೆಯನ್ನು ಡಿ6ಕ್ಕೆ ತನ್ನಿ. ಬಿಳಿ ಕಾಯಿಯವರು ಸಾಮಾನ್ಯವಾಗಿ ರಾಣಿಯನ್ನು ಇ2ಕ್ಕೆ ತರುತ್ತಾರೆ. ಈಗ ಎಚ್6. ಇಲ್ಲೂ ಕುದುರೆ ಇ6ನ್ನು ಹೊಡೆದು, ಒಂಟೆ ಜಿ6ರಲ್ಲಿ ಚೆಕ್ ಕೊಟ್ಟು, ರಾಜ ಇ7ಕ್ಕೆ ಹೋಗಬಹುದು. ಆದರೆ ಎಫ್8 ಮನೆ ಖಾಲಿ ಇರುವುದರಿಂದ ರಾಜ ಮುಂದೆ ಅಲ್ಲಿಗೆ ಸರಿಯಬಲ್ಲ. ಡಿ6ರ ಒಂಟೆ ಎಫ್4ನ್ನು ಕಾಯುತ್ತಿರುವುದರಿಂದ ಬಿಳಿ ಒಂಟೆ ಅಲ್ಲಿಗೆ ಬಂದರೆ ಅದಲುಬದಲಾಗಿ ದಾಳಿ ತಣ್ಣಗಾಗುತ್ತದೆ. ಬಲಿಗೆ ಮೊದಲಿನ ಬಲವಿಲ್ಲ. ಆದ್ದರಿಂದಲೇ ಈ ಸ್ಥಿತಿಯಲ್ಲಿ ಬಿಳಿ ಕುದುರೆ ಸುಮ್ಮನೆ ಇ4ಕ್ಕೆ ಹಿಂದಿರುಗುತ್ತದೆ. ನೀವು ಅದನ್ನು ಹೊಡೆಯುತ್ತೀರಿ, ರಾಣಿ ಇ4ರಲ್ಲಿ ಮರುಹೊಡೆತ ಹೊಡೆಯುತ್ತದೆ, ಆಟ ನಡೆಯುತ್ತದೆ. ನೀವು ಕಲಿತ ಸಾಲಿನಲ್ಲಿ ಎಚ್6 ಇತ್ತು ಎಂದು ಬರೆದಿದ್ದೀರಿ. ಇತ್ತು, ಆದರೆ ಒಂಟೆ-ಡಿ6ರ ನಂತರ ಇತ್ತು.

ಇನ್ನು ಕಾಸ್ಪರೋವ್ ವಿಷಯ. 1997ರ ಮೇ 11ರಂದು ನ್ಯೂಯಾರ್ಕಿನಲ್ಲಿ ಐಬಿಎಂನ ಚೆಸ್ ಕಂಪ್ಯೂಟರ್ ಡೀಪ್ ಬ್ಲೂ ಎದುರಿನ ಸರಣಿಯ ಆರನೇ ಹಾಗೂ ಕೊನೆಯ ಆಟ ಅದು. ಅದಕ್ಕೆ ಮುಂಚೆ ಸ್ಕೋರು ಎರಡೂವರೆ-ಎರಡೂವರೆ ಸಮವಾಗಿತ್ತು. ಆ ಕಾಲದಲ್ಲಿ ಇ4ಕ್ಕೆ ಸಿಸಿಲಿಯನ್ ಆಡುವುದೇ ಅವರ ರೂಢಿ, ಆ ದಿನ ಕ್ಯಾರೊ-ಕಾನ್ ಆರಿಸಿಕೊಂಡು ಏಳನೇ ನಡೆಯಲ್ಲಿ ಎಚ್6 ಆಡಿದರು. ಯಂತ್ರ ಇ6ರಲ್ಲಿ ಕುದುರೆಯನ್ನು ಬಲಿಕೊಟ್ಟಿತು. ಅದು ಯಂತ್ರ ಹೊಸದಾಗಿ ಕಂಡುಕೊಂಡ ನಡೆಯಲ್ಲ. ಬಲ್ಲವರಿಗೆ ಮೊದಲೇ ಗೊತ್ತಿದ್ದ ನಡೆ, ಯಂತ್ರಕ್ಕೆ ತುಂಬಿಸಿದ್ದ ಓಪನಿಂಗ್ ಭಂಡಾರದಲ್ಲಿಯೂ ಇತ್ತು. ಕಾಸ್ಪರೋವ್ ಅದನ್ನು ಹೊಡೆಯದೆ ರಾಣಿಯನ್ನು ಇ7ಕ್ಕೆ ತಂದು ಕುದುರೆಯನ್ನು ಬಿಳಿ ರಾಜನಿಗೆ ಅಡ್ಡಲಾಗಿ ಕಟ್ಟಿದರು, ಅದು ಸರಿದರೆ ರಾಜನಿಗೆ ಚೆಕ್. ಬಿಳಿ ಕ್ಯಾಸಲಿಂಗ್ ಮಾಡಿ ಕಟ್ಟು ಬಿಡಿಸಿಕೊಂಡಿತು. ಈಗ ರಾಣಿಯಿಂದ ಹೊಡೆದರೆ ಆನೆ ಇ1ಕ್ಕೆ ಬಂದು ರಾಣಿಯೇ ಹೋಗುತ್ತದೆ, ಹಾಗಾಗಿ ಕಾಲಾಳಿನಿಂದಲೇ ಹೊಡೆಯಬೇಕಾಯಿತು, ಒಂಟೆ ಜಿ6ರಲ್ಲಿ ಚೆಕ್ ಕೊಟ್ಟಿತು, ರಾಜ ಡಿ8ಕ್ಕೆ ಹೋದ. 18ನೇ ನಡೆಯ ಹೊತ್ತಿಗೆ ರಾಣಿ ಹೋಯಿತು, ಬಿಳಿಯ 19ನೇ ನಡೆ ಸಿ4 ಬಂದೊಡನೆ ಅವರು ಸೋಲೊಪ್ಪಿದರು. ಸರಣಿ ಮೂರೂವರೆ-ಎರಡೂವರೆಯಿಂದ ಯಂತ್ರದ ಪಾಲಾಯಿತು.

ಈ ಆಟದಿಂದ "ಕ್ಯಾರೊ-ಕಾನ್ ಮುರಿದುಬಿತ್ತು" ಎಂಬ ತೀರ್ಮಾನ ತೆಗೆಯುವವರು ಏಳನೇ ನಡೆಗೆ ಹಿಂದಿರುಗಿ ನೋಡಿದ್ದರೆ ಸಾಕಿತ್ತು. ಅದು ಏಳನೇ ನಡೆಯ ಎಚ್6 ವಿರುದ್ಧದ ತೀರ್ಪು, ಓಪನಿಂಗಿನ ವಿರುದ್ಧ ಅಲ್ಲ. ರಾಣಿ-ಇ7 ಆಡಬೇಕಿತ್ತೇ ಎಂದು ಕೇಳಿದ್ದೀರಿ. ಬೇಡ. ರಾಣಿ ಇ7ರಲ್ಲಿ ನಿಂತರೆ ಎಫ್8ರ ಒಂಟೆಯ ದಾರಿಯನ್ನು ರಾಣಿಯೇ ಮುಚ್ಚುತ್ತದೆ, ಹೊರಬರಲು ಆತುರಪಡಬೇಕಾದ ಹೊತ್ತಿನಲ್ಲಿ ಅದು ದೊಡ್ಡ ಬೆಲೆ. ನೀವು ಹೊಡೆದದ್ದೇ ಮೇಲು. ಎಂಜಿನ್ (ಚೆಸ್ ನಡೆಗಳನ್ನು ಲೆಕ್ಕ ಹಾಕುವ ತಂತ್ರಾಂಶ) ಹಾಕಿ ನೋಡಿದರೆ ಕಪ್ಪಿಗೆ ಅಲ್ಲಲ್ಲಿ ಕಾದು ನಿಲ್ಲುವ ದಾರಿಗಳು ಕಾಣಬಹುದು. ಆದರೆ ಗಡಿಯಾರ ಓಡುತ್ತಿರುವಾಗ ಅಂಥ ನಡೆಗಳನ್ನು ಒಂದರ ಹಿಂದೊಂದು ಕಂಡುಹಿಡಿಯುವುದು ನಮ್ಮ ನಿಮ್ಮ ಮಟ್ಟದ ಆಟಗಾರರಿಂದ ಆಗುವ ಕೆಲಸವಲ್ಲ, ಹಾಗಾಗಿ ಅದರ ಭರವಸೆಯ ಮೇಲೆ ಎಚ್6 ಆಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ನಿಮ್ಮ ಸ್ಕೋರ್‌ಶೀಟಿನಲ್ಲಿ ನನ್ನ ಕಣ್ಣು ನಿಂತದ್ದು ನಡೆಗಳ ಪಕ್ಕ ನೀವು ಬರೆದ ಸಮಯಗಳ ಮೇಲೆ. ಏಳನೇ ನಡೆಯ ಎಚ್6ಕ್ಕೆ ನೀವು ಒಂದು ನಿಮಿಷವನ್ನೂ ತೆಗೆದುಕೊಂಡಿಲ್ಲ. ಒಂಬತ್ತನೇ ನಡೆಯ ರಾಜ-ಇ7ಕ್ಕೆ 11 ನಿಮಿಷ ಕಳೆದಿದ್ದೀರಿ. ಆ ಸ್ಥಿತಿಯನ್ನು ಮತ್ತೆ ಇಟ್ಟು ನೋಡಿ: ಜಿ6ರ ಚೆಕ್‌ಗೆ ಎದುರಾಗಿ ನಿಯಮದ ಪ್ರಕಾರ ನಿಮಗಿದ್ದದ್ದು ಅದೊಂದೇ ನಡೆ. ಆಯ್ಕೆ ಇದ್ದ ಕಡೆ ಯೋಚಿಸಲಿಲ್ಲ, ಆಯ್ಕೆಯೇ ಇಲ್ಲದ ಕಡೆ ಯೋಚಿಸಿದಿರಿ. ಇದು ನಿಮ್ಮೊಬ್ಬರ ದೋಷ ಎಂದುಕೊಳ್ಳಬೇಡಿ. ತರಬೇತಿಗೆ ಬರುವ, ಬಾಯಿಪಾಠದ ಮೇಲೆ ಓಪನಿಂಗ್ ಆಡುವ ಬಹುಪಾಲು ಜನರ ಗಡಿಯಾರ ಹೀಗೆಯೇ ಓಡುತ್ತದೆ. ಗೊತ್ತಿದೆ ಎನಿಸಿದ ನಡೆಗಳನ್ನು ಪಟಪಟನೆ ಆಡಿಬಿಡುತ್ತಾರೆ, ಎದುರಾಳಿಯ ಏಟು ಬಿದ್ದ ಮೇಲೆ ತಲೆ ಹಿಡಿದುಕೊಂಡು ಕೂರುತ್ತಾರೆ. ಬಾಯಿಪಾಠದಲ್ಲಿ ನಡೆಗಳ ಪಟ್ಟಿ ಉಳಿಯುತ್ತದೆ, ಅವುಗಳ ಅನುಕ್ರಮಕ್ಕಿರುವ ಕಾರಣ ಉಳಿಯುವುದಿಲ್ಲ. ಪಟ್ಟಿಯಲ್ಲಿ ಎರಡು ನಡೆ ಹಿಂದುಮುಂದಾದರೂ ಅದು ನೆನಪಿಗೆ ಸರಿಯಾಗಿಯೇ ಕಾಣುತ್ತದೆ.

ಅನುಕ್ರಮ ಎಷ್ಟು ನಿರ್ದಯಿ ಎಂಬುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ, ನೀವು ಮುಂದೆ ಶಾಖೆ ಬದಲಾಯಿಸಿದರೂ ಇದು ಬೇಕಾಗುತ್ತದೆ. ನಾಲ್ಕನೇ ನಡೆಯಲ್ಲಿ ಒಂಟೆಯನ್ನು ಎಫ್5ಕ್ಕೆ ತರುವುದು ಕ್ಯಾರೊ-ಕಾನ್‌ನ ಅತ್ಯಂತ ಹಳೆಯ, ಅತ್ಯಂತ ಗೌರವದ ದಾರಿ: 5. ಕುದುರೆ-ಜಿ3 ಒಂಟೆ-ಜಿ6 6. ಎಚ್4 ಎಚ್6. ಇಲ್ಲಿ ಎಚ್6 ತಪ್ಪಲ್ಲ, ಅಗತ್ಯ. ಸುಮ್ಮನಿದ್ದರೆ ಬಿಳಿಯ ಎಚ್5 ನಿಮ್ಮ ಒಂಟೆಯನ್ನು ಹಿಡಿದುಬಿಡುತ್ತದೆ. ಆದರೆ ಬಿಳಿ ಕಾಯಿಯವರು ಡಿ4 ಆಡದೆ ಎರಡೂ ಕುದುರೆಗಳನ್ನು ಮೊದಲೇ ಹೊರತಂದಿದ್ದರೆ, ಅಂದರೆ 2. ಕುದುರೆ-ಸಿ3 ಡಿ5 3. ಕುದುರೆ-ಎಫ್3 ಡಿ×ಇ4 4. ಕುದುರೆ×ಇ4 ಎಂದು ಬಂದಿದ್ದರೆ, ಅದೇ ಒಂಟೆ-ಎಫ್5 ನಿಮ್ಮನ್ನು ಕೆಡವುತ್ತದೆ. 5. ಕುದುರೆ-ಜಿ3 ಒಂಟೆ-ಜಿ6 6. ಎಚ್4 ಎಚ್6 7. ಕುದುರೆ-ಇ5. ಡಿ4ರಲ್ಲಿ ಉಳಿಸಿದ ಒಂದು ನಡೆಯಿಂದ ಬಿಳಿ ಕುದುರೆ, ನೀವು ಡಿ7ಕ್ಕೆ ಕುದುರೆ ತಂದು ಇ5ನ್ನು ಕಾಯುವ ಮುಂಚೆಯೇ ಅಲ್ಲಿಗೆ ಬಂದುಬಿಟ್ಟಿತು. 7... ಒಂಟೆ-ಎಚ್7 8. ರಾಣಿ-ಎಚ್5 ಜಿ6 9. ಒಂಟೆ-ಸಿ4 ಇ6 10. ರಾಣಿ-ಇ2, ಈಗ ಎಫ್7ರ ಮೇಲೆ ಕತ್ತಿ ತೂಗುತ್ತಿದೆ. ಎಚ್ಚರ ತಪ್ಪಿ ಕುದುರೆ-ಎಫ್6 ಎಂದರೆ ಕುದುರೆ ಎಫ್7ನ್ನು ಹೊಡೆಯುತ್ತದೆ, ರಾಜ ಅದನ್ನು ತಿಂದರೆ ರಾಣಿ ಇ6ರಲ್ಲಿ ಚೆಕ್, ರಾಜ ಜಿ7ಕ್ಕೆ, ರಾಣಿ ಎಫ್7ರಲ್ಲಿ ಮೇಟ್. ಕಪ್ಪು ಕಾಯಿಯವರು ಆಡಿದ್ದು ಅವರೇ ಕಲಿತ ನಡೆಗಳನ್ನು. ವ್ಯತ್ಯಾಸವಿದ್ದದ್ದು ಬಿಳಿಯ ಡಿ ಕಾಲಾಳು ಎಲ್ಲಿದೆ ಎಂಬುದರಲ್ಲಿ.

ಈಗ ನಿಮ್ಮ ಮುಂದಿರುವ ದಾರಿಗಳು. ಇದೇ ಕುದುರೆ-ಡಿ7 ಶಾಖೆಯಲ್ಲಿ ಮುಂದುವರಿಯಬಹುದು. ಒಂಟೆ-ಡಿ6, ಎಚ್6, ಇ4ರಲ್ಲಿ ಕುದುರೆಗಳ ಬದಲಾವಣೆ ಮುಗಿದು ಬಿಳಿ ರಾಣಿ ಇ4ರಲ್ಲಿ ನಿಂತಾಗ ನಿಮಗೆ ಕುದುರೆ-ಎಫ್6 ಅಥವಾ ರಾಣಿ-ಸಿ7 ಎಂಬ ಎರಡು ಒಳ್ಳೆಯ ನಡೆಗಳಿವೆ. ಎರಡರಲ್ಲೂ ಯೋಜನೆ ಬಿ6, ಒಂಟೆ-ಬಿ7, ಸಮಯ ನೋಡಿ ಸಿ5. ಅಪಾಯವೇನೆಂದರೆ ಇಲ್ಲಿ ರಾಜ ಬಹಳ ಹೊತ್ತು ನಡುವೆಯೇ ಇರುತ್ತಾನೆ, ವಿಚಿತ್ರವೆನಿಸುವ ನಡೆಗಳನ್ನು ನಂಬಿ ಆಡಬೇಕಾಗುತ್ತದೆ. ಕುದುರೆ-ಎಫ್6ಕ್ಕೆ ಬಿಳಿ ರಾಣಿ ಎಚ್4ಕ್ಕೆ ಹೋದರೆ ಕಪ್ಪಿನ ಪ್ರಸಿದ್ಧ ಉತ್ತರ ರಾಜ-ಇ7. ಕ್ಯಾಸಲಿಂಗ್ ಬಿಟ್ಟುಕೊಟ್ಟು ರಾಜ ನಡುಬೀದಿಗೆ ಬರುವುದು ಪುಸ್ತಕದ ಎಲ್ಲ ಸೂತ್ರಗಳಿಗೂ ವಿರುದ್ಧ. ಆದರೆ ರಾಜ ಪಕ್ಕಕ್ಕೆ ಸರಿದದ್ದರಿಂದ ಡಿ8ರ ರಾಣಿ ಎಚ್8ರ ಆನೆಗೆ ಬೆಂಬಲವಾಗುತ್ತದೆ, ಆಗ ಜಿ5 ಆಡಿ ಬಿಳಿ ರಾಣಿಯನ್ನು ಅಟ್ಟುವ ಬೆದರಿಕೆ ನಿಜವಾಗುತ್ತದೆ. ಕಾರ್ಪೊವ್ 1996ರಲ್ಲಿ ಎಲಿಸ್ತಾದಲ್ಲಿ ಕಾಮ್‌ಸ್ಕಿ ಎದುರು ವಿಶ್ವ ಚಾಂಪಿಯನ್‌ಷಿಪ್ ಸರಣಿಯಲ್ಲೇ ಇದನ್ನು ಆಡಿದ್ದಾರೆ. ಇಂಥ ನಡೆಗಳ ಕಾರಣ ನಿಮಗೆ ರುಚಿಸಿದರೆ ಈ ಶಾಖೆ ನಿಮ್ಮದು. ಆದರೆ ವಾರದಲ್ಲಿ ಎರಡು ಸಂಜೆ ಮಾತ್ರ ಬಿಡುವಿರುವವರಿಗೆ ಇದು ದುಬಾರಿ ಶಾಖೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಒಂಟೆ-ಎಫ್5 ದಾರಿಯಲ್ಲಿ ರಾಜನಿಗೆ ಇಂಥ ತಕ್ಷಣದ ಬಲೆಗಳು ಕಡಿಮೆ, ಒಂಟೆ ಇ6ಕ್ಕೆ ಮುಂಚೆಯೇ ಹೊರಗೆ ಬಂದುಬಿಡುತ್ತದೆ. ಆದರೆ ಬಿಳಿಯ ಕಾಲಾಳು ಎಚ್5ಕ್ಕೆ ಬಂದು ಕುಳಿತು ನಿಮ್ಮ ರಾಜನ ಪಕ್ಕವನ್ನು ಇಡೀ ಆಟ ಇಕ್ಕಟ್ಟಾಗಿಡುತ್ತದೆ. ಒಂಟೆಗಳು ಡಿ3ರಲ್ಲಿ ಬದಲಾದ ಮೇಲೆ ಬಿಳಿ ಉದ್ದದ ಕ್ಯಾಸಲಿಂಗ್ ಮಾಡಿಕೊಂಡು ನಿಧಾನವಾಗಿ ಹಿಂಡುತ್ತದೆ. ತಾಳ್ಮೆ ಇರುವವರಿಗೆ ಒಳ್ಳೆಯದು. ಗೆಲ್ಲಲೇಬೇಕಾದ ಕೊನೆಯ ಸುತ್ತಿನಲ್ಲಿ ಸ್ವಲ್ಪ ಬೇಸರ ತರಿಸಬಹುದು.

ಮೂರನೆಯದು ನಾಲ್ಕನೇ ನಡೆಯಲ್ಲಿ ಕುದುರೆಯನ್ನು ನೇರ ಎಫ್6ಕ್ಕೆ ತರುವುದು. ಬಿಳಿ ಅದನ್ನು ಹೊಡೆಯುತ್ತದೆ, ನೀವು ಇ7ರ ಕಾಲಾಳಿನಿಂದ ಎಫ್6ರಲ್ಲಿ ಮರುಹೊಡೆತ ಹೊಡೆಯುತ್ತೀರಿ. ಟಾರ್ಟಕೋವರ್ ಹೆಸರಿನ ಈ ಶಾಖೆ ಬಹುಕಾಲ ಮೂಲೆಗೆ ಬಿದ್ದಿದ್ದು, ಇತ್ತೀಚಿನ ವರ್ಷಗಳಲ್ಲಿ ದೊಡ್ಡ ಟೂರ್ನಿಗಳಿಗೆ ಮರಳಿ ಬಂದಿದೆ. ಎಫ್ ಸಾಲಿನಲ್ಲಿ ಎರಡು ಕಾಲಾಳು ಒಂದರ ಹಿಂದೊಂದು ನಿಲ್ಲುತ್ತವೆ, ಅದು ನೋಡಲು ಚೆನ್ನಲ್ಲ. ಆದರೆ ಇ ಸಾಲು ತೆರೆದಿದೆ, ಒಂಟೆ ಡಿ6ಕ್ಕೆ, ಕ್ಯಾಸಲಿಂಗ್, ಆನೆ ಇ8ಕ್ಕೆ, ಕುದುರೆ ಡಿ7ರ ಮೂಲಕ ಎಫ್8ಕ್ಕೆ, ಎಲ್ಲ ಕಾಯಿಗಳಿಗೂ ಜಾಗವಿದೆ, ರಾಜ ಬೇಗ ಮನೆ ಸೇರುತ್ತಾನೆ. ಬಿಳಿ ಸಿ3, ಒಂಟೆ-ಡಿ3, ರಾಣಿ-ಸಿ2 ಎಂದು ಎಚ್7ರ ಮೇಲೆ ಗುರಿಯಿಟ್ಟರೆ ಆನೆ-ಇ8 ಚೆಕ್ ಕೊಟ್ಟು, ಕುದುರೆ ಇ2ಕ್ಕೆ ಬಂದ ಮೇಲೆ ಎಚ್ ಕಾಲಾಳನ್ನು ಈ ಸಲ ಎರಡು ಮನೆ ಮುಂದೆ, ಎಚ್5ಕ್ಕೆ ನೂಕುವುದು ಈಗಿನ ರೂಢಿ. ಇದರ ನಿಜವಾದ ಅಪಾಯ ಕೊನೆಯಲ್ಲಿದೆ: ಕಾಯಿಗಳೆಲ್ಲ ಬದಲಾಗಿ ಕಾಲಾಳುಗಳಷ್ಟೇ ಉಳಿದರೆ ಬಿಳಿಗೆ ರಾಣಿಯ ಪಕ್ಕದಲ್ಲಿ ಮೂರಕ್ಕೆ ನಾಲ್ಕು ಕಾಲಾಳುಗಳಿದ್ದು ಒಂದನ್ನು ದಾಟಿಸಿಕೊಳ್ಳುತ್ತದೆ, ನಿಮ್ಮ ಜೋಡಿ ಕಾಲಾಳುಗಳಿಂದ ಅದು ಸುಲಭವಲ್ಲ. ಆದ್ದರಿಂದ ಒಟ್ಟೊಟ್ಟಿಗೆ ಎಲ್ಲವನ್ನೂ ಬದಲಾಯಿಸುವ ಅಭ್ಯಾಸವಿದ್ದರೆ ಅದನ್ನು ಬಿಡಬೇಕು. ನಿಮ್ಮ ಬಿಡುವು, ನಿಮ್ಮ ಮೂರು ವಾರ, ಎರಡನ್ನೂ ಲೆಕ್ಕ ಹಾಕಿದರೆ ನಾನು ನಿಮಗೆ ಹೇಳುವುದು ಈ ಶಾಖೆಯನ್ನೇ.

ಸಿಸಿಲಿಯನ್ ಒಳ್ಳೆಯ ಓಪನಿಂಗ್, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ನೀವು ಅದಕ್ಕೆ ಹೋಗಲು ಹೊರಟಿರುವುದು ಒಂದು ಸೋಲಿನ ನೋವಿನಿಂದ. ಅಲ್ಲಿ ಬಿಳಿಗೆ ಸಿ3, ಮೂರನೇ ನಡೆಯ ಒಂಟೆ-ಬಿ5, ಕಾಲಾಳನ್ನು ಬಲಿಕೊಡುವ ಗ್ಯಾಂಬಿಟ್‌ಗಳು, ತೆರೆದ ಸಿಸಿಲಿಯನ್ ಎಂದು ಹತ್ತು ದಾರಿಗಳಿದ್ದು, ಪ್ರತಿಯೊಂದಕ್ಕೂ ಸಿದ್ಧತೆ ಬೇಕು. ಮೂರು ವಾರದಲ್ಲಿ ಅದನ್ನು ಕಲಿತು ಹೋದರೆ ಇದೇ ಅಪಘಾತ ಬೇರೆ ಮನೆಯಲ್ಲಿ ಆಗುತ್ತದೆ, ಅಷ್ಟೆ. ಇನ್ನೊಂದು ಮಾತು: ನಿಮ್ಮ ಮಟ್ಟದಲ್ಲಿ ಮೂರನೇ ನಡೆಗೆ ಕುದುರೆ-ಸಿ3 ಬರುವುದಕ್ಕಿಂತ ಇ5 ಎಂದು ನೂಕುವವರೇ ಹೆಚ್ಚು ಸಿಗುತ್ತಾರೆ. ಇ×ಡಿ5 ಎಂದು ಬದಲಾಯಿಸಿ ಒಂಟೆಯನ್ನು ಡಿ3ಕ್ಕೆ ತರುವವರೂ ಸಿಗುತ್ತಾರೆ. 1970ರಲ್ಲಿ ಬೆಲ್‌ಗ್ರೇಡಿನಲ್ಲಿ ಫಿಷರ್ ಪೆಟ್ರೋಸಿಯನ್ ಎದುರು ಗೆದ್ದದ್ದು ಆ ಸರಳ ಜೋಡಣೆಯಿಂದಲೇ. ಎರಡು ವರ್ಷದಲ್ಲಿ ಈ ಸ್ಥಿತಿಗಳಲ್ಲಿ ನೀವು ಗಳಿಸಿದ ಅನುಭವವನ್ನು ಒಂದು ಶಾಖೆಯ ಒಂದು ನಡೆಗಾಗಿ ಎಸೆಯುವುದು ನ್ಯಾಯವಲ್ಲ. ರೇಟಿಂಗ್ ಲೆಕ್ಕದಲ್ಲೂ ನೋಡಿ: ಕೆ ಮೌಲ್ಯ (ಒಂದು ಆಟದಿಂದ ರೇಟಿಂಗ್ ಎಷ್ಟು ಬದಲಾಗಬಹುದು ಎಂಬುದರ ಅಳತೆ) 20 ಇರುವವರಿಗೆ 55 ಅಂಕ ಕಡಿಮೆಯಿರುವ ಎದುರಾಳಿಯ ಕೈಯಲ್ಲಿ ಸೋತರೆ ಹೋಗುವುದು 11.6 ಅಂಕ. ಒಂದು ಒಳ್ಳೆಯ ಸುತ್ತಿನಲ್ಲಿ ಅದು ಹಿಂದಿರುಗುತ್ತದೆ.

ಎಷ್ಟು ನಡೆ ಬಾಯಿಪಾಠ ಮಾಡಬೇಕು ಎಂಬ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರವಿಲ್ಲ. ಕಾರಣ ಹೇಳಬಲ್ಲ ನಡೆಯವರೆಗೆ ಕಲಿಯಿರಿ, ಅಲ್ಲಿಗೆ ನಿಲ್ಲಿಸಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ನಡೆಯ ಎದುರು ಒಂದೇ ವಾಕ್ಯ ಬರೆಯಿರಿ: ಇದು ಯಾವ ಮನೆಯನ್ನು ಕಾಯುತ್ತದೆ, ಯಾವ ಮನೆಯನ್ನು ಬಿಟ್ಟುಕೊಡುತ್ತದೆ. ಎರಡನೆಯ ಭಾಗವನ್ನು ಜನ ಬರೆಯುವುದಿಲ್ಲ, ಎಚ್6ರ ವಿಷ ಇದ್ದದ್ದು ಆ ಭಾಗದಲ್ಲೇ. ಬರೆದಾದ ಮೇಲೆ ಆ ನಡೆಯನ್ನು ಒಂದು ನಡೆ ಮುಂಚೆ ಮತ್ತು ಒಂದು ನಡೆ ತಡವಾಗಿ ಆಡಿ ನೋಡಿ, ಬಿಳಿ ಪಕ್ಕದಲ್ಲಿ ನೀವೇ ಕುಳಿತು ಶಿಕ್ಷೆ ಹುಡುಕಿ. ಸಿಗದಿದ್ದರೆ ಮಾತ್ರ ಎಂಜಿನ್ ಹಾಕಿ. ಎಂಜಿನ್ ಮೊದಲೇ ಉತ್ತರ ಕೊಟ್ಟರೆ ಅದು ಇನ್ನೊಂದು ಬಾಯಿಪಾಠವಾಗುತ್ತದೆ.

ಮೂರು ವಾರದಲ್ಲಿ ಮೊದಲ ವಾರವನ್ನು ಟಾರ್ಟಕೋವರ್ ಶಾಖೆಯ ನಾಲ್ಕೈದು ಪೂರ್ತಿ ಆಟಗಳನ್ನು ಕೊನೆಯವರೆಗೆ ಬೋರ್ಡಿನ ಮೇಲೆ ಆಡಿ ನೋಡಲು ಕೊಡಿ, ಓಪನಿಂಗಿನ ತುಣುಕುಗಳನ್ನಲ್ಲ. ಎರಡನೇ ವಾರ ಗೆಳೆಯರೊಂದಿಗೆ 15 ನಿಮಿಷದ ಆಟಗಳನ್ನು ಅದೇ ಸ್ಥಿತಿಯಿಂದ ಆಡಿ, ಕ್ಯಾರೊ-ಕಾನ್ ಅನ್ನು ಟೀಕಿಸಿದ ಗೆಳೆಯರನ್ನೇ ಬಿಳಿ ಪಕ್ಕ ಕೂರಿಸಿ. ಮೂರನೇ ವಾರ ಹೊಸದೇನನ್ನೂ ಕಲಿಯಬೇಡಿ, ಇ5 ಮತ್ತು ಇ×ಡಿ5 ಎದುರಿನ ನಿಮ್ಮ ಹಳೆಯ ಆಟಗಳನ್ನು ತೆಗೆದು ನೋಡಿ. ಟೂರ್ನಿಯಲ್ಲಿ ಅದೇ ಹುಡುಗ ಮತ್ತೆ ಎದುರಾಗಿ ಅದೇ ಸಾಲನ್ನು ತೆರೆದರೆ ನಾಲ್ಕನೇ ನಡೆಯಲ್ಲಿ ಕುದುರೆ ಎಫ್6ಕ್ಕೆ ಬಂದೊಡನೆ ಅವನ ಸಿದ್ಧತೆ ಅಲ್ಲಿಗೇ ಮುಗಿಯುವ ಸಂಭವ ಹೆಚ್ಚು. ಆ ಹೊತ್ತಿನಲ್ಲಿ ಅವನ ಪ್ರತಿ ನಡೆಯ ನಂತರ ಪೆನ್ನು ಎತ್ತಿ ನಡೆ ಬರೆದುಕೊಂಡು, ಆಮೇಲೆಯೇ ಯೋಚಿಸಲು ಶುರುಮಾಡಿ. ಬರೆಯುವ ಆ ಅರ್ಧ ನಿಮಿಷದಲ್ಲಿ ಕೈ ಕಾಯಿಯಿಂದ ದೂರವಿರುತ್ತದೆ, ಮುಟ್ಟಿದ ಕಾಯಿಯನ್ನು ಆಡಲೇಬೇಕೆಂಬ ನಿಯಮವಿರುವ ಆಟದಲ್ಲಿ ಅದರಿಂದ ಆಗುವ ಉಪಕಾರ ಸಣ್ಣದಲ್ಲ.